ಹೆಸರಿಲ್ಲದ ಇಬ್ಬರು ಚಿತ್ರಗಾರರು ಒಬ್ಬನೇ ಆದದ್ದು ಹೇಗೆ: ಅಮ್ಮಿ ಫಿಲಿಪ್ಸ್ ಪ್ರಕರಣ

ಮೊದಲು ಎರಡು ಚಿತ್ರಗಳನ್ನು ಕಣ್ಣ ಮುಂದೆ ತಂದುಕೊಳ್ಳಿ.

ಒಂದು 1815ರ ಸುಮಾರಿನದು. ನ್ಯೂಯಾರ್ಕ್ ರಾಜ್ಯದ ಲ್ಯಾನ್ಸಿಂಗ್‌ಬರ್ಗ್ ಊರಿನ ಹ್ಯಾರಿಯೆಟ್ ಲೀವೆನ್ಸ್ ಎಂಬ ಹುಡುಗಿ ಆಳೆತ್ತರ ನಿಂತಿದ್ದಾಳೆ. ತಿಳಿ ಗುಲಾಬಿ ಬಣ್ಣದ ಉದ್ದ ಗೌನು, ಕೈಯಲ್ಲಿ ಕೊಡೆ, ಒಂದು ಪುಟ್ಟ ಚೀಲ. ಹಿನ್ನೆಲೆಯಲ್ಲಿ ಮನೆಯಿಲ್ಲ, ಮರವಿಲ್ಲ, ಬರೀ ಬೆಳಗಿನ ಮಂಜಿನಂಥ ಮಾಸಲು ಬೆಳಕು. ಹುಡುಗಿ ಆ ಮಂಜಿನಲ್ಲಿ ತೇಲುತ್ತಿರುವ ಹಾಗೆ ಕಾಣುತ್ತಾಳೆ. ಈ ಚಿತ್ರ ಈಗ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನಲ್ಲಿದೆ.

ಇನ್ನೊಂದು 1830ರ ದಶಕದ್ದು. ಯಾವುದೋ ಒಂದು ಚಿತ್ರವಲ್ಲ, ಒಂದು ಗುಂಪೇ ಇದೆ. ಎಲ್ಲದರಲ್ಲೂ ಒಬ್ಬ ಹೆಂಗಸು ಕೂತಿದ್ದಾಳೆ. ಹಿನ್ನೆಲೆ ಕಪ್ಪು ಎನ್ನುವಷ್ಟು ಗಾಢ. ಉಡುಪೂ ಗಾಢ, ತೋಳು ಬುಗ್ಗೆಯಾಗಿ ಉಬ್ಬಿವೆ. ಉಡುಪು ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಶುರುವಾಯಿತು ಅಂತ ಹುಡುಕಬೇಕು. ಆ ಕತ್ತಲೆಯೊಳಗಿಂದ ಉದ್ದ ಕುತ್ತಿಗೆ, ಬಿಳಿ ಲೇಸು, ಬೆಳ್ಳಗಿನ ಮುಖ, ಪುಸ್ತಕವನ್ನೋ ಕರವಸ್ತ್ರವನ್ನೋ ಹಿಡಿದ ಕೈ ಇಷ್ಟೇ ಹೊರಗೆ ಬರುತ್ತವೆ. ಮೈ ಸ್ವಲ್ಪ ಮುಂದಕ್ಕೆ ಬಾಗಿದೆ, ನೋಡುವವರ ಮಾತು ಕೇಳಿಸಿಕೊಳ್ಳುತ್ತಿರುವ ಹಾಗೆ.

ಇವೆರಡನ್ನೂ ಪಕ್ಕಪಕ್ಕ ಇಟ್ಟು ಒಬ್ಬನೇ ಬರೆದದ್ದು ಅಂದರೆ ನಂಬುತ್ತೀರಾ? ನಾನು ಮೊದಲ ಸಲ ನೋಡಿದಾಗ ನಂಬಲಿಲ್ಲ. ಇಪ್ಪತ್ತನೇ ಶತಮಾನದ ಅರ್ಧ ದಾಟುವ ತನಕ ಜಾನಪದ ಕಲೆಯನ್ನು ಬದುಕಿಡೀ ನೋಡುತ್ತಿದ್ದ ಸಂಗ್ರಾಹಕರೂ, ಮ್ಯೂಸಿಯಂನವರೂ ಇದನ್ನು ಊಹಿಸಿರಲಿಲ್ಲ. ಅವರು ಯಾಕೆ ಊಹಿಸಲಿಲ್ಲ, ಕೊನೆಗೆ ಅದು ಹೇಗೆ ಗೊತ್ತಾಯಿತು ಅನ್ನುವುದೇ ಈ ಪ್ರಕರಣ. ಮೊದಲನೆಯ ಪ್ರಶ್ನೆಗೆ ಸಿಗುವ ಉತ್ತರ ನನಗೆ ಎರಡನೆಯದಕ್ಕಿಂತ ಜಾಸ್ತಿ ಮುಖ್ಯ ಅನಿಸುತ್ತದೆ.

1924ರ ಬೇಸಿಗೆಯಲ್ಲಿ ಕನೆಕ್ಟಿಕಟ್ ರಾಜ್ಯದ ಕೆಂಟ್ ಎಂಬ ಸಣ್ಣ ಊರಲ್ಲಿ ಒಂದು ಮೇಳ ನಡೆಯಿತು. ಊರಿನ ಹಳೇ ಮನೆತನಗಳವರು ತಮ್ಮ ಗೋಡೆಯ ಮೇಲಿದ್ದ ಅಜ್ಜ ಅಜ್ಜಿಯರ ಭಾವಚಿತ್ರಗಳನ್ನು ಇಳಿಸಿ ತಂದು ಒಟ್ಟಿಗೆ ತೂಗುಹಾಕಿದರು. ಬೇರೆ ಬೇರೆ ಮನೆಯಿಂದ ಬಂದ ಚಿತ್ರಗಳಲ್ಲಿ ಅದೇ ಕಪ್ಪು ಹಿನ್ನೆಲೆ, ಅದೇ ಮುಂದಕ್ಕೆ ಬಾಗಿದ ಮೈ. ನೋಡಿದವರಿಗೆ ಒಂದೇ ಕೈಯ ಕೆಲಸ ಅಂತ ತಕ್ಷಣ ಗೊತ್ತಾಯಿತು. ಸಹಿ ಮಾತ್ರ ಇರಲಿಲ್ಲ. ಹಾಗಾಗಿ ಆ ಚಿತ್ರಗಾರನಿಗೆ 'ಕೆಂಟ್ ಲಿಮ್ನರ್' ಎಂಬ ಹೆಸರು ಬಿತ್ತು. ಲಿಮ್ನರ್ ಅಂದರೆ ಚಿತ್ರ ಬರೆಯುವವನು ಅನ್ನುವುದಕ್ಕೆ ಇಂಗ್ಲಿಷಿನ ಹಳೇ ಮಾತು. ಹೆಸರು ಗೊತ್ತಿಲ್ಲದ ಊರೂರಿನ ಚಿತ್ರಗಾರರಿಗೆ ಕಲಾ ಇತಿಹಾಸದವರು ಈ ಮಾತನ್ನೇ ಅಂಟಿಸುತ್ತಾರೆ.

ಇನ್ನೊಂದು ಕಡೆ ನ್ಯೂಯಾರ್ಕ್ ಮತ್ತು ಮ್ಯಾಸಚೂಸೆಟ್ಸ್ ರಾಜ್ಯಗಳ ಗಡಿಯ ಊರುಗಳಲ್ಲಿ 1812ರಿಂದ 1819ರ ಒಳಗಿನ ಚಿತ್ರಗಳು ಸಿಗುತ್ತಿದ್ದವು. ಹ್ಯಾರಿಯೆಟ್ ಲೀವೆನ್ಸ್ ತರಹದವು. ಚ್ಯಾಟಮ್ ಸೆಂಟರ್ ಊರಿನ ವೈದ್ಯ ರಸೆಲ್ ಡಾರ್ ಮತ್ತು ಮಗುವನ್ನು ಎತ್ತಿಕೊಂಡ ಅವನ ಹೆಂಡತಿಯ ಜೋಡಿ ಚಿತ್ರಗಳೂ ಈ ಗುಂಪಿನವೇ, ಅವು ವಿಲಿಯಮ್ಸ್‌ಬರ್ಗ್‌ನ ಆಬಿ ಆಲ್ಡ್ರಿಚ್ ರಾಕಫೆಲರ್ ಜಾನಪದ ಕಲಾ ಸಂಗ್ರಹದಲ್ಲಿವೆ. ಎಲ್ಲವೂ ತಿಳಿ ಬಣ್ಣ, ಮೈಕಟ್ಟು ಸ್ವಲ್ಪ ಮರದ ಬೊಂಬೆಯ ಹಾಗೆ ಬಿಗಿ. ಇವುಗಳನ್ನು ಬರೆದವನಿಗೆ 'ಬಾರ್ಡರ್ ಲಿಮ್ನರ್', ಅಂದರೆ ಗಡಿಯ ಚಿತ್ರಗಾರ, ಎಂಬ ಹೆಸರಾಯಿತು.

ಹೀಗೆ ಇಬ್ಬರು ಅನಾಮಿಕರು ತಯಾರಾದರು. ಒಬ್ಬನಿಗೆ ಮಂಜಿನ ಬಣ್ಣ, ಇನ್ನೊಬ್ಬನಿಗೆ ಕತ್ತಲೆಯ ಬಣ್ಣ.

ದಾರಿ ತೆರೆದದ್ದು ಇವೆರಡೂ ಗುಂಪಿಗೆ ಸೇರದ ಒಂದು ಚಿತ್ರ. 1958ರಲ್ಲಿ ಬಾರ್ಬರಾ ಮತ್ತು ಲಾರೆನ್ಸ್ ಹೋಲ್ಡ್ರಿಜ್ ದಂಪತಿ ಜಾರ್ಜ್ ಸಂಡರ್ಲೆಂಡ್ ಎಂಬ ಯುವಕನ ಚಿತ್ರವನ್ನು ಕೊಂಡರು. ಇವರು ಕಲಾ ಇತಿಹಾಸ ಓದಿ ಡಿಗ್ರಿ ಪಡೆದ ಪಂಡಿತರಲ್ಲ. ಬಾರ್ಬರಾ 1952ರಲ್ಲಿ ಗೆಳತಿಯ ಜೊತೆ ಸೇರಿ ಕ್ಯಾಡ್ಮನ್ ರೆಕಾರ್ಡ್ಸ್ ಶುರುಮಾಡಿದಾಕೆ. ಕವಿ ಡಿಲನ್ ಥಾಮಸ್ ತಾನೇ ಓದಿದ ಕವಿತೆಗಳನ್ನು ಧ್ವನಿಮುದ್ರಿಸಿ ಮನೆಮನೆಗೆ ತಲುಪಿಸಿದ ಕಂಪನಿ ಅದು. ಸಂಡರ್ಲೆಂಡ್ ಚಿತ್ರದ ಕ್ಯಾನ್ವಾಸನ್ನು ತಿರುಗಿಸಿ ನೋಡಿದರೆ ಹಿಂದೆ ಬರಹ ಇತ್ತು. ಚಿತ್ರಕ್ಕೆ ಕೂತವನ ಹೆಸರು, 1840 ಎಂಬ ಇಸವಿ, ಜೊತೆಗೆ ಬರೆದವನ ಹೆಸರು: ಅಮ್ಮಿ ಫಿಲಿಪ್ಸ್.

ಬೇರೆಯವರಾಗಿದ್ದರೆ ಆ ಹೆಸರನ್ನು ಕಾರ್ಡಿನ ಮೇಲೆ ಬರೆದು ಚಿತ್ರದ ಕೆಳಗೆ ಅಂಟಿಸಿ ಸುಮ್ನೆ ಆಗುತ್ತಿದ್ದರು. ಇವರು ಆ ಹೆಸರಿನ ಬೆನ್ನು ಹತ್ತಿದರು. ವಂಶಾವಳಿ, ಜಮೀನು ಪತ್ರ, ಜನಗಣತಿ, ಮದುವೆ ಮತ್ತು ಸಾವಿನ ದಾಖಲೆ, ಹಳೇ ಪತ್ರಿಕೆ, ಸಂಸಾರಗಳ ಹತ್ತಿರ ಉಳಿದಿದ್ದ ಕಾಗದ, ಸಿಕ್ಕಿದ್ದನ್ನೆಲ್ಲ ಜಾಲಾಡಿದರು. ಆಮೇಲೆ ಮೇರಿ ಬ್ಲ್ಯಾಕ್ ಎಂಬ ಜಾನಪದ ಕಲೆಯ ಕ್ಯುರೇಟರ್ ಕೂಡ ಕೈಜೋಡಿಸಿದರು. 1960ರಲ್ಲಿ ಮೊದಲ ಲೇಖನ ಬಂತು, 1965ರಲ್ಲಿ ಕನೆಕ್ಟಿಕಟ್ ಇತಿಹಾಸ ಸಂಘ ಪ್ರದರ್ಶನ ಮಾಡಿತು, 1968ರಲ್ಲಿ ನ್ಯೂಯಾರ್ಕ್ ನಗರದ ಜಾನಪದ ಕಲಾ ಮ್ಯೂಸಿಯಂ ಇನ್ನೂ ದೊಡ್ಡದಾಗಿ ಮಾಡಿತು.

ಅವರ ಹುಡುಕಾಟದಿಂದ ಹೊರಬಂದ ಮನುಷ್ಯನ ಬದುಕು ಹೀಗಿದೆ. ಫಿಲಿಪ್ಸ್ ಹುಟ್ಟಿದ್ದು 1788ರಲ್ಲಿ, ಕನೆಕ್ಟಿಕಟ್‌ನ ಕೋಲ್‌ಬ್ರುಕ್‌ನಲ್ಲಿ. 1809ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೇ, ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದ: ಮುಖ ಸರಿಯಾಗಿ ಬರುತ್ತದೆ, ನೆರಳು ಚೆನ್ನಾಗಿ ಬೀಳುತ್ತದೆ, ಬಟ್ಟೆ ಈಗಿನ ಫ್ಯಾಷನ್ನಿಗೆ ತಕ್ಕಂತೆ ಸೊಗಸಾಗಿರುತ್ತದೆ ಅಂತ. 1813ರಲ್ಲಿ ಲಾರಾ ಬ್ರಾಕ್‌ವೇ ಜೊತೆ ಮದುವೆ. 1830ರಲ್ಲಿ ಆಕೆ ತೀರಿಕೊಂಡಳು, ಅದೇ ವರ್ಷ ಜೇನ್ ಆನ್ ಕಾಲ್ಕಿನ್ಸ್‌ಳನ್ನು ಮದುವೆಯಾದ. ಒಂದು ಊರಿನಲ್ಲಿ ನೆಲೆಸಿ, ಸುತ್ತಲ ಗಿರಾಕಿಗಳು ಮುಗಿದರೆ ಸಂಸಾರ ಸಮೇತ ಇನ್ನೊಂದು ಊರು. ಟ್ರಾಯ್, ರೈನ್‌ಬೆಕ್, ಅಮೀನಿಯಾ. ಎಲ್ಲವೂ ಮೂರು ರಾಜ್ಯಗಳ ಗಡಿ ಕೂಡುವ ಆ ಗುಡ್ಡಗಾಡು ಸೀಮೆಯ ಅಕ್ಕಪಕ್ಕವೇ. ಸುಮಾರು ಐವತ್ತು ವರ್ಷ ಇದೇ ಕಸುಬು. ಸಾವು 1865ರಲ್ಲಿ, ಮ್ಯಾಸಚೂಸೆಟ್ಸ್‌ನ ಕರ್ಟಿಸ್‌ವಿಲ್ ಎಂಬಲ್ಲಿ.

ಈ ಬದುಕಿನ ನಕ್ಷೆಯ ಮೇಲೆ ಅನಾಮಿಕ ಚಿತ್ರಗಳನ್ನು ಇಡುತ್ತಾ ಹೋದರೆ ಏನಾಗುತ್ತದೆ? ಗಡಿಯ ಚಿತ್ರಗಾರ 1819ರ ಹೊತ್ತಿಗೆ ಕಾಣೆಯಾಗುತ್ತಾನೆ. ಕೆಂಟ್ ಚಿತ್ರಗಾರ 1829ರ ಸುಮಾರಿಗೆ, ಹಿಂದು ಮುಂದು ಇಲ್ಲದೆ, ಕೈ ಪಳಗಿದವನಾಗಿಯೇ ಕಾಣಿಸಿಕೊಳ್ಳುತ್ತಾನೆ. ನಡುವಿನ ಹತ್ತು ವರ್ಷ ಖಾಲಿ. ಆ ಹತ್ತು ವರ್ಷದಲ್ಲಿ ಫಿಲಿಪ್ಸ್ ಬರೆದ ಚಿತ್ರಗಳನ್ನು ನೋಡಿದರೆ ಬಣ್ಣ ಮೆಲ್ಲಗೆ ಗಾಢವಾಗುತ್ತಾ ಬರುತ್ತದೆ, ಮುಖಕ್ಕೆ ಮೂಳೆ ಮಾಂಸ ತುಂಬುತ್ತದೆ. ಈ ಬದಲಾವಣೆಗೆ ಆಲ್ಬನಿ ನಗರದ ಹೆಸರಾಂತ ಚಿತ್ರಗಾರ ಎಜ್ರಾ ಏಮ್ಸ್‌ನ ಕೆಲಸ ನೋಡಿದ್ದು ಕಾರಣ ಅಂತ ವಿದ್ವಾಂಸರು ಹೇಳುತ್ತಾರೆ. ಟ್ರಾಯ್‌ನಿಂದ ಆಲ್ಬನಿ ಕೂಗಳತೆ ಎನ್ನುವಷ್ಟು ಹತ್ತಿರ, ಹಾಗಾಗಿ ಮಾತು ಒಪ್ಪಬಹುದು. ನಡುವಿನ ಈ ಚಿತ್ರಗಳೇ ಸೇತುವೆ. ಇವು ಸಿಕ್ಕಮೇಲೆ ಎರಡು ದಡ ಒಂದೇ ಹೊಳೆಯವು ಅಂತ ಕಾಣತೊಡಗಿತು.

ಆದರೆ ಗಮನಿಸಿ, ಸೇತುವೆ ಅಲ್ಲೇ ಇತ್ತು. ಆ ಚಿತ್ರಗಳು ಮನೆಗಳ ಗೋಡೆಯ ಮೇಲೆ ನೇತಾಡುತ್ತಲೇ ಇದ್ದವು. ಹೆಸರಿನ ದಾರ ಕೈಗೆ ಸಿಗುವ ತನಕ ಅವು ಸೇತುವೆ ಅಂತ ಯಾರಿಗೂ ಹೊಳೆಯಲಿಲ್ಲ. ಮೊದಲು ಕಾಗದ ದಾರಿ ತೋರಿಸಿತು, ಆಮೇಲೆ ಕಣ್ಣು ಹಿಂಬಾಲಿಸಿತು. ಕಲೆಯ ವಿಷಯದಲ್ಲಿ ನಾವು ಸಾಮಾನ್ಯವಾಗಿ ಇದನ್ನು ಉಲ್ಟಾ ಅಂದುಕೊಂಡಿರುತ್ತೇವೆ ಅಲ್ವಾ? ಪಳಗಿದ ಕಣ್ಣು ಒಂದು ಸಲ ನೋಡಿದರೆ ಸಾಕು, ಯಾರ ಕೈ ಅಂತ ಹೇಳಿಬಿಡುತ್ತದೆ ಅಂತ. ಇಲ್ಲಿ ಪಳಗಿದ ಕಣ್ಣುಗಳೇ ಒಬ್ಬನನ್ನು ಇಬ್ಬರು ಮಾಡಿದ್ದವು.

ಯಾಕೆ ಹೀಗಾಯಿತು ಅನ್ನುವುದಕ್ಕೆ ನನ್ನ ಅಭಿಪ್ರಾಯ ಹೇಳುತ್ತೇನೆ. ಸಹಿ ಇರಲಿಲ್ಲ ಅನ್ನುವುದು ಒಂದು ಕಾರಣ, ನಿಜ. ಆದರೆ ಅದಕ್ಕಿಂತ ಆಳದ ಕಾರಣ ಒಂದಿದೆ. ಊರೂರು ತಿರುಗಿ ಚಿತ್ರ ಬರೆಯುವವನು ಬದಲಾಗುತ್ತಾನೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಪ್ಯಾರಿಸ್ಸಿನಲ್ಲಿ ಕಲಿತ ದೊಡ್ಡ ಕಲಾವಿದನಾದರೆ ಅವನ ಯೌವನದ ಕಾಲ, ನಡುವಿನ ಕಾಲ, ಕೊನೆಯ ಕಾಲ ಅಂತ ಮೂರು ಭಾಗ ಮಾಡಿ ಪುಟಗಟ್ಟಲೆ ಬರೆಯುತ್ತೇವೆ. ಹಳ್ಳಿಯ ಚಿತ್ರಗಾರನಿಗೆ ಒಂದೇ ಕಾಲ, ಒಂದೇ ಪಟ್ಟು. ಅವನು ಕಲಿತದ್ದು ಇಷ್ಟೇ, ಸಾಯುವ ತನಕ ಅದನ್ನೇ ಬರೆಯುತ್ತಾನೆ ಅಂತ ಮೊದಲೇ ತೀರ್ಮಾನ. ಜಾನಪದ ಕಲೆಯನ್ನು ಪ್ರೀತಿಸುವವರಲ್ಲೂ ಈ ಭಾವನೆ ಇರುತ್ತದೆ, ಅವರಲ್ಲೇ ಜಾಸ್ತಿ ಇರುತ್ತದೆ ಅಂತಲೂ ಹೇಳಬಹುದು, ಯಾಕೆಂದರೆ ಅವರು ಮೆಚ್ಚುವುದೇ ಆ ಕಲೆಯ 'ಮುಗ್ಧತೆ'ಯನ್ನು, ಮುಗ್ಧ ಅಂದಮೇಲೆ ಅವನು ಬೇರೆಯವರ ಕೆಲಸ ನೋಡಿ, ಯೋಚಿಸಿ, ತನ್ನ ಕೈಯನ್ನು ತಾನೇ ತಿದ್ದಿಕೊಳ್ಳುವುದು ಆ ಚೌಕಟ್ಟಿಗೆ ಹಿಡಿಸುವುದಿಲ್ಲ. ಫಿಲಿಪ್ಸ್ ಮಾಡಿದ್ದು ಅದನ್ನೇ. 1809ರ ಜಾಹೀರಾತನ್ನು ಇನ್ನೊಮ್ಮೆ ಓದಿ. ಈಗಿನ ಫ್ಯಾಷನ್ ಅನ್ನುತ್ತಾನೆ. ಬದಲಾಗುವುದು ಅವನ ಕಸುಬಿನ ಭಾಗವೇ ಆಗಿತ್ತು, ಅದನ್ನು ಅವನು ಮೊದಲ ದಿನವೇ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ.

ಆ ಕಾಲದ ಗಿರಾಕಿಗಳನ್ನೂ ಸ್ವಲ್ಪ ನೋಡಬೇಕು. ರೈತ, ವೈದ್ಯ, ಪಾದ್ರಿ, ಅಂಗಡಿಯವನು, ವಕೀಲ. ಇವರಲ್ಲಿ ಎಷ್ಟೋ ಜನರಿಗೆ ಹೆಸರಿನ ಮುಂದೆ ಕ್ಯಾಪ್ಟನ್, ಕರ್ನಲ್ ಅಂತ ಇರುತ್ತಿತ್ತು. ಇವರು ಸೈನ್ಯದಲ್ಲಿ ಸಂಬಳ ತೆಗೆದುಕೊಂಡವರಲ್ಲ, ಮಿಲಿಷಿಯಾದವರು. 1792ರ ಕಾನೂನಿನ ಪ್ರಕಾರ 18ರಿಂದ 45 ವರ್ಷದ ಬಿಳಿಯ ಗಂಡಸರೆಲ್ಲ ಊರಿನ ಮಿಲಿಷಿಯಾಗೆ ಸೇರಬೇಕಿತ್ತು, ಬಂದೂಕು ತಾವೇ ತರಬೇಕಿತ್ತು. ಕವಾಯತಿನ ದಿನ ಎಲ್ಲರೂ ಬಯಲಿನಲ್ಲಿ ಸೇರುತ್ತಿದ್ದರು, ಅದು ಊರಹಬ್ಬದಂತೆಯೇ ಇರುತ್ತಿತ್ತು. ಈ ಪಡೆಯ ಅಧಿಕಾರಿಗಳಲ್ಲಿ ಕೆಲವರು ಸಮವಸ್ತ್ರದಲ್ಲೇ ಚಿತ್ರ ಬರೆಸಿಕೊಂಡರು. ಅಂಥ ಚಿತ್ರ ಸಿಕ್ಕರೆ ಸಂಶೋಧಕರಿಗೆ ಸುಗ್ಗಿ. ಹೆಗಲ ಮೇಲಿನ ಜರಿ ಕುಚ್ಚು ಎರಡೂ ಕಡೆ ಇದೆಯಾ, ಒಂದೇ ಕಡೆ ಇದೆಯಾ ಅನ್ನುವುದರಿಂದ ದರ್ಜೆ ಊಹಿಸಬಹುದು. ಗುಂಡಿ, ಕಾಲರು, ಟೋಪಿಯ ಗರಿ, ಕತ್ತಿಯ ಹಿಡಿ ಒಂದೊಂದೂ ಇಸವಿಯನ್ನು ಹತ್ತಿರಕ್ಕೆ ತರುತ್ತವೆ. ಮೇಲಾಗಿ ಅಧಿಕಾರಿಯ ನೇಮಕದ ದಾಖಲೆ ಸರ್ಕಾರದ ಹತ್ತಿರ ಇರುತ್ತದೆ. ಹೋಲಿಸಿ ನೋಡಿದರೆ ಮನುಷ್ಯ ಸಿಕ್ಕಿಬಿಡುವ ಸಾಧ್ಯತೆ ಉಂಟು.

ಕೆಂಟ್ ಗುಂಪಿನ ಗಂಡಸರು ಈ ಸಹಾಯ ಮಾಡುವುದಿಲ್ಲ. ಕಪ್ಪು ಕೋಟು, ಬಿಳಿ ಅಂಗಿ, ಕುರ್ಚಿಯ ಬೆನ್ನ ಮೇಲೆ ಇಳಿಬಿಟ್ಟ ತೋಳು. ಕ್ಯಾಪ್ಟನ್ನನೂ ಅಂಗಡಿಯವನೂ ಒಂದೇ ಥರ ಕೂತಿರುತ್ತಾರೆ. 1830ರ ದಶಕದ ಹೊತ್ತಿಗೆ ಮಿಲಿಷಿಯಾದ ವೈಭವವೂ ಇಳಿಯುತ್ತಿತ್ತು. ಮ್ಯಾಸಚೂಸೆಟ್ಸ್ 1840ರಲ್ಲಿ, ಕನೆಕ್ಟಿಕಟ್ ಮತ್ತು ನ್ಯೂಯಾರ್ಕ್ 1846ರಲ್ಲಿ ಕಡ್ಡಾಯ ಸೇವೆಯನ್ನು ಕೈಬಿಟ್ಟವು. ಚಿತ್ರದಲ್ಲಿ ಸಮವಸ್ತ್ರ ಇಲ್ಲದಿದ್ದರೂ ಸಂಸಾರದ ಬಾಯಲ್ಲಿ 'ಕರ್ನಲ್ ಅಜ್ಜ' ಅಂತ ಬಿರುದು ಉಳಿದಿರುತ್ತದೆ. ಹುಡುಕುವವರಿಗೆ ಅಂಥ ಒಂದು ಮಾತೂ ದಾರವೇ. ಯಾವ ಊರು, ಯಾವ ಪಟ್ಟಿ ನೋಡಬೇಕು ಅಂತ ಅದು ತಿಳಿಸುತ್ತದೆ. ಚಿತ್ರವೊಂದನ್ನು ಅದರ ಮನೆಯಿಂದ, ಆ ಮನೆಯ ಮಾತಿನಿಂದ ಬೇರೆ ಮಾಡಿ ಮಾರಿಬಿಟ್ಟರೆ ಆ ದಾರ ತುಂಡಾಗುತ್ತದೆ. ನನಗೆ ಅದು ತುಂಬಾ ಸಂಕಟದ ವಿಷಯ.

ಈ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಸಾಕ್ಷಿ ಒಂದು ಕಾಗದ. ಜಾನ್ ವ್ಯಾಂಡರ್ಲಿನ್ ಅಂತ ಒಬ್ಬ ದೊಡ್ಡ ಚಿತ್ರಗಾರ, ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್ ಊರಿನವನು, ಪ್ಯಾರಿಸ್ಸಿನಲ್ಲಿ ಕಲಿತವನು. 1825ರಲ್ಲಿ ಅವನು ತನ್ನ ಹೆಸರನ್ನೇ ಇಟ್ಟುಕೊಂಡಿದ್ದ ಅಣ್ಣನ ಮಗನಿಗೆ ಬರೆಯುತ್ತಾನೆ. ಸಾರಾಂಶ ಇಷ್ಟು: ಬದುಕನ್ನು ಮೊದಲಿಂದ ಶುರುಮಾಡುವ ಹಾಗಿದ್ದರೆ ನಾನೂ ಅಗ್ಗದ, ಬೇಗ ಮುಗಿಸುವ ಭಾವಚಿತ್ರಗಳನ್ನೇ ಬರೆಯುತ್ತಿದ್ದೆ, ಜನಸಾಮಾನ್ಯರಿಗೆ ನಾಜೂಕು ಕೆಲಸದ ಬೆಲೆ ಗೊತ್ತಾಗುವುದಿಲ್ಲ, ಫಿಲಿಪ್ಸ್ ಹಾಗೆ ಸೀಮೆ ಸುತ್ತುತ್ತಾ ಚಿತ್ರ ಬರೆಯುವುದು ಸುಖವಾಗಿ ಕಾಲ ಕಳೆಯುವ ದಾರಿಯೇ ಇರಬೇಕು. ಈ ಮಾತಿನಲ್ಲಿ ಸ್ವಲ್ಪ ತಾತ್ಸಾರ ಇದೆ, ಸ್ವಲ್ಪ ಆಸೆಯೂ ಇದೆ. ವ್ಯಾಂಡರ್ಲಿನ್ 1852ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಬಡತನದಲ್ಲೇ ತೀರಿಕೊಂಡ ಅಂತ ತಿಳಿದಮೇಲೆ ಆ ಕಾಗದವನ್ನು ಓದಿದರೆ ಎದೆ ಭಾರವಾಗುತ್ತದೆ.

ಪ್ರಕರಣದ ದೃಷ್ಟಿಯಿಂದ ಕಾಗದ ಹೇಳುವುದು ಬೇರೆ. 1825ರಲ್ಲಿ 'ಫಿಲಿಪ್ಸ್' ಅಂದರೆ ಸಾಕು, ಯಾವ ಫಿಲಿಪ್ಸ್ ಅಂತ ಕಿಂಗ್‌ಸ್ಟನ್ ಕಡೆಯ ಹುಡುಗನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಸಹಿ ಹಾಕುವ ಅಗತ್ಯ ಅವನಿಗೆ ಯಾಕೆ ಬರಲಿಲ್ಲ ಅಂತ ಇಲ್ಲಿ ಅರ್ಥವಾಗುತ್ತದೆ. ಮನೆಗೆ ಬಂದು, ಕೂರಿಸಿ, ಮಾತಾಡಿಸಿ, ಎದುರಿಗೇ ಬರೆದು ಕೊಟ್ಟವನ ಹೆಸರು ಆ ಮನೆಯವರಿಗೆ ಗೊತ್ತಿರುವುದಿಲ್ಲವೇ? ಒಂದು ತಲೆಮಾರಿಗೆ ಗೊತ್ತಿತ್ತು. ಎರಡನೆಯದಕ್ಕೆ ಅರ್ಧ ಗೊತ್ತಿತ್ತು. ಮೂರನೆಯದಕ್ಕೆ ಚಿತ್ರದಲ್ಲಿರುವ ಅಜ್ಜಿಯ ಹೆಸರೇ ಉಳಿದದ್ದು.

'ಅಗ್ಗ, ಬೇಗ' ಅನ್ನುವ ಮಾತನ್ನು ನಾನು ಬೈಗುಳ ಅಂತ ತೆಗೆದುಕೊಳ್ಳುವುದಿಲ್ಲ. ಕೆಂಟ್ ಚಿತ್ರಗಳ ಆ ಕಪ್ಪನ್ನೇ ನೋಡಿ. ಉಡುಪನ್ನೂ ಹಿನ್ನೆಲೆಯನ್ನೂ ಅಗಲವಾಗಿ, ಮಡಿಕೆ ಸುಕ್ಕುಗಳ ಗೊಡವೆಗೆ ಜಾಸ್ತಿ ಹೋಗದೆ ಬಳಿದರೆ ಕೆಲಸ ಬೇಗ ಸಾಗುತ್ತದೆ. ಉಳಿದ ಸಮಯವನ್ನು ಮುಖಕ್ಕೂ ಲೇಸಿಗೂ ಕೊಡಬಹುದು. ದುಡ್ಡು ಕೊಟ್ಟವರು ನೋಡುವುದೂ ಅವೆರಡನ್ನೇ. ಹೊಟ್ಟೆಪಾಡಿನ ಲೆಕ್ಕದಿಂದ ಹುಟ್ಟಿದ ಈ ಉಪಾಯ ಎಂಥ ಸೌಂದರ್ಯ ಕೊಟ್ಟಿತು ಅಂದರೆ 2008ರಲ್ಲಿ ಅಮೆರಿಕನ್ ಜಾನಪದ ಕಲಾ ಮ್ಯೂಸಿಯಂ ಫಿಲಿಪ್ಸ್ ಚಿತ್ರಗಳನ್ನು ಇಪ್ಪತ್ತನೇ ಶತಮಾನದ ಅಮೂರ್ತ ಚಿತ್ರಗಾರ ಮಾರ್ಕ್ ರಾಥ್ಕೋನ ಬಣ್ಣದ ದೊಡ್ಡ ಹಾಸುಗಳ ಜೊತೆ ಒಂದೇ ಕೋಣೆಯಲ್ಲಿ ತೂಗುಹಾಕಿತು. ಆ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಒಬ್ಬನಿಗೆ ಬಣ್ಣವೇ ಗುರಿ, ಇನ್ನೊಬ್ಬನಿಗೆ ಬಣ್ಣ ಮುಖದ ಕಡೆಗೆ ಕರೆದೊಯ್ಯುವ ದಾರಿ. ಆದರೂ ಜೋಡಿಸಿ ನೋಡಬೇಕು ಅನಿಸಿದ್ದೇ ಫಿಲಿಪ್ಸ್‌ಗೆ ಸಿಕ್ಕ ಗೌರವ.

ಕೆಂಪು ಗೌನಿನ ಮಕ್ಕಳ ಚಿತ್ರಗಳಲ್ಲಿ ಆ ಉಪಾಯ ತುದಿ ಮುಟ್ಟುತ್ತದೆ. ಬೆಕ್ಕು ನಾಯಿಯ ಜೊತೆಗಿರುವ ಕೆಂಪು ಗೌನಿನ ಹುಡುಗಿಯ ಚಿತ್ರ ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು, 1998ರಲ್ಲಿ ಅಮೆರಿಕದ ಅಂಚೆ ಚೀಟಿಯ ಮೇಲೂ ಬಂತು. 1830ರಿಂದ 1835ರ ಒಳಗಿನದು. ಮಡಿಲಲ್ಲಿ ಬಿಳಿ ಬೆಕ್ಕು, ಕಾಲ ಬಳಿ ನಾಯಿ, ಕುತ್ತಿಗೆಯಲ್ಲಿ ಹವಳದ ಸರ. ಉಳಿದದ್ದೆಲ್ಲ ಕೆಂಪು ಮತ್ತು ಕತ್ತಲೆ. ಇಂಥದೇ ಕೆಂಪು ಗೌನು, ಹವಳ, ನಾಯಿ ಬೇರೆ ಮಕ್ಕಳ ಚಿತ್ರಗಳಲ್ಲೂ ಬರುತ್ತವೆ. ಮನೆ ಬೇರೆ, ಮಗು ಬೇರೆ, ಗೌನಿನ ಆಕಾರ ಒಂದೇ. ಅವನ ಕೈಯಲ್ಲಿ ಒಂದು ಅಚ್ಚು ಸಿದ್ಧವಿತ್ತು, ಮುಖ ಮಾತ್ರ ಆಯಾ ಮಗುವಿನದು. ಮೊದಲ ಗುಂಪಿನ ಹ್ಯಾರಿಯೆಟ್ ಲೀವೆನ್ಸ್‌ಳನ್ನು ಇನ್ನೊಬ್ಬ ಹ್ಯಾರಿಯೆಟ್ ಜೊತೆ ಹೋಲಿಸಿದರೂ ಇದೇ ಕಾಣುತ್ತದೆ. ಹ್ಯಾರಿಯೆಟ್ ಕ್ಯಾಂಬೆಲ್ ಎಂಬ ಹುಡುಗಿಯ ಚಿತ್ರ ಕ್ಲಾರ್ಕ್ ಕಲಾ ಸಂಸ್ಥೆಯಲ್ಲಿದೆ, ಅಲ್ಲೂ ಗುಲಾಬಿ ಗೌನು, ಅಲ್ಲೂ ಕೊಡೆ, ಅಲ್ಲೂ ಚೀಲ. ಶೈಲಿ ಪೂರ್ತಿ ಬದಲಾದಮೇಲೂ ಕೆಲಸ ಮಾಡುವ ಕ್ರಮ ಅದೇ ಉಳಿಯಿತು. ಬಣ್ಣವನ್ನೇ ನೋಡುತ್ತಿದ್ದವರಿಗೆ ಇಬ್ಬರು ಕಂಡರು. ಕೆಲಸದ ಕ್ರಮ ನೋಡಿದ್ದರೆ ಒಬ್ಬನೇ ಕಾಣುತ್ತಿದ್ದನೇನೋ.

ಅವನು ಕೊನೆಯ ವರ್ಷಗಳಲ್ಲೂ ಬದಲಾದ. 1839ರಲ್ಲಿ ಡಗೆರೋಟೈಪ್ ಎಂಬ ಫೋಟೋ ವಿಧಾನ ಬಂತು, ಬೇಗನೆ ಅಮೆರಿಕದ ಸಣ್ಣ ಊರುಗಳಿಗೂ ತಲುಪಿತು. ಎಷ್ಟೋ ಊರೂರಿನ ಚಿತ್ರಗಾರರು ಕುಂಚ ಕೆಳಗಿಟ್ಟರು. ಫಿಲಿಪ್ಸ್ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಫೋಟೋದಂತೆ ಕಾಣುವ ಮುಖಗಳನ್ನು ಬರೆಯತೊಡಗಿದ. ಅವು ಅವನ ಒಳ್ಳೆಯ ಕೆಲಸವೇನಲ್ಲ, ಮುಖಗಳು ಸ್ವಲ್ಪ ಸಪ್ಪೆ. ಆದರೂ ಎಪ್ಪತ್ತರ ಹತ್ತಿರ ಬಂದವನು ಮತ್ತೊಂದು ಸಲ ಕೈ ಬದಲಿಸಿಕೊಂಡ ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಈಗ ಅವನವು ಅಂತ ಗುರುತಿಸಿದ ಚಿತ್ರಗಳು ನೂರಾರು ಇವೆ. ಅವನನ್ನು ಮಣ್ಣು ಮಾಡಿದ್ದು ಅಮೀನಿಯಾದಲ್ಲಿ. ಕೆಂಟ್‌ನಿಂದ ಪಶ್ಚಿಮಕ್ಕೆ ಹೊರಟು ರಾಜ್ಯದ ಗಡಿ ದಾಟಿದರೆ ಅಮೀನಿಯಾ ಹತ್ತಿರದಲ್ಲೇ ಸಿಗುತ್ತದೆ. 1924ರ ಆ ಬೇಸಿಗೆಯಲ್ಲಿ ಕೆಂಟ್ ಊರಿನವರು ಅಜ್ಜಿಯರ ಚಿತ್ರಗಳ ಮುಂದೆ ನಿಂತು ಇದನ್ನು ಬರೆದವರು ಯಾರಿರಬಹುದು ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದಾಗ, ಬರೆದವನು ಸತ್ತು ಅರವತ್ತು ವರ್ಷವೂ ಆಗಿರಲಿಲ್ಲ, ಅವನ ಸಮಾಧಿ ಅಲ್ಲೇ ಗುಡ್ಡದ ಆಚೆಗಿತ್ತು.